ಪೆಟ್ಟಿಗೆಯ ಮೇಲೆ '4ಕೆ' ಎಂದಿದ್ದರೆ ವಿಡಿಯೊ ಚೆನ್ನಾಗಿ ಬರುತ್ತದೆಯೇ?

ಅಜ್ಜಿ ಹಾಡುವ ಸೋಬಾನೆ ಪದಗಳನ್ನು ಒಮ್ಮೆ ವಿಡಿಯೊ ಮಾಡಿಟ್ಟುಕೊಳ್ಳಬೇಕು ಎಂದು ಎಷ್ಟೋ ಮನೆಗಳಲ್ಲಿ ಮಾತಾಡಿಕೊಳ್ಳುತ್ತಾರೆ. ಅದಕ್ಕೆಂದು ಆನ್‌ಲೈನ್‌ನಲ್ಲಿ ಹುಡುಕಿದರೆ ಐದಾರು ಸಾವಿರ ರೂಪಾಯಿಗೇ '4ಕೆ ಅಲ್ಟ್ರಾ ಎಚ್‌ಡಿ' ಕ್ಯಾಮೆರಾ ಸಿಗುತ್ತದೆ. ಅದರ ಪಕ್ಕದಲ್ಲೇ ಮೂವತ್ತು ಸಾವಿರದ ಇನ್ನೊಂದು ಕ್ಯಾಮೆರಾ ಇರುತ್ತದೆ, ಅದರ ಮೇಲೆ ಬರೀ 'ಫುಲ್ ಎಚ್‌ಡಿ' ಎಂದಿರುತ್ತದೆ. ದೊಡ್ಡ ಸಂಖ್ಯೆ ಇರುವುದು ಅಗ್ಗಕ್ಕೆ, ಸಣ್ಣ ಸಂಖ್ಯೆ ಇರುವುದು ದುಬಾರಿಗೆ! ಇದು ಹೇಗೆ ಸಾಧ್ಯ?

ಮೊದಲು ಈ ಸಂಖ್ಯೆಗಳ ಅರ್ಥ ನೋಡೋಣ. ವಿಡಿಯೊದ ಪ್ರತಿ ಚಿತ್ರವೂ ಸಣ್ಣ ಸಣ್ಣ ಚುಕ್ಕೆಗಳಿಂದ, ಅಂದರೆ ಪಿಕ್ಸೆಲ್‌ಗಳಿಂದ ಆಗಿರುತ್ತದೆ. ಅಡ್ಡಕ್ಕೆ 1280, ಉದ್ದಕ್ಕೆ 720 ಪಿಕ್ಸೆಲ್ ಇದ್ದರೆ ಎಚ್‌ಡಿ. 1920×1080 ಇದ್ದರೆ ಫುಲ್ ಎಚ್‌ಡಿ, ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. ಟಿವಿಗಳಲ್ಲಿ 4ಕೆ ಎನ್ನುವುದು 3840×2160, ಸುಮಾರು 83 ಲಕ್ಷ ಪಿಕ್ಸೆಲ್. ಕ್ಯಾಮೆರಾ ನಿಜವಾಗಿ 4ಕೆ ಚಿತ್ರ ಹಿಡಿಯಬೇಕಾದರೆ ಅದರೊಳಗಿನ ಸೆನ್ಸರ್‌ನಲ್ಲಿ ಕನಿಷ್ಠ ಅಷ್ಟಾದರೂ ಬೆಳಕು ಹಿಡಿಯುವ ಚುಕ್ಕೆಗಳು ಇರಬೇಕು.

ಅಗ್ಗದ ಎಷ್ಟೋ ಕ್ಯಾಮೆರಾಗಳಲ್ಲಿ ಅಷ್ಟು ಇರುವುದಿಲ್ಲ. ಸೆನ್ಸರ್ ಹಿಡಿಯುವುದು ಫುಲ್ ಎಚ್‌ಡಿಯಷ್ಟೇ ಚಿತ್ರ. ಆಮೇಲೆ ಒಳಗಿನ ಸಾಫ್ಟ್‌ವೇರ್ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಬಣ್ಣ ನೋಡಿ, ನಡುವೆ ಇಂಥದ್ದೇ ಬಣ್ಣ ಇರಬಹುದು ಎಂದು ಊಹಿಸಿ ಹೊಸ ಪಿಕ್ಸೆಲ್ ತುಂಬಿಸುತ್ತದೆ. ಇದಕ್ಕೆ ಇಂಟರ್‌ಪೊಲೇಶನ್ ಎನ್ನುತ್ತಾರೆ. ಮಜ್ಜಿಗೆಗೆ ನೀರು ಬೆರೆಸಿದ ಹಾಗೆ, ಲೋಟ ತುಂಬುತ್ತದೆ, ಹಾಲು ಹೆಚ್ಚಾಗುವುದಿಲ್ಲ. ಮಾರುವವರು ಇದನ್ನು ಪೂರ್ತಿ ಮುಚ್ಚಿಡುವುದಿಲ್ಲ. ವಿವರಗಳ ಪಟ್ಟಿಯ ಕೆಳಗೆಲ್ಲೋ ಸಣ್ಣಕ್ಷರದಲ್ಲಿ 'ಇಂಟರ್‌ಪೊಲೇಟೆಡ್' ಎಂಬ ಪದ ಇರುತ್ತದೆ. ಕೊಳ್ಳುವ ಮುಂಚೆ ಆ ಪದ ಇದೆಯೇ ಎಂದು ಹುಡುಕಿ.

ಇನ್ನು ನಿಜವಾದ 4ಕೆಯೇ ಇರಲಿ, ಅದು ನಮ್ಮ ಕಣ್ಣಿಗೆ ಕಾಣುತ್ತದೆಯೇ? ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬಿಡಿಸಿ ನೋಡಬಲ್ಲದು. 43 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಯ ಒಂದು ಪಿಕ್ಸೆಲ್ ಸುಮಾರು ಅರ್ಧ ಮಿಲಿಮೀಟರ್ ಅಗಲ. ಲೆಕ್ಕ ಹಾಕಿದರೆ ಸುಮಾರು 1.7 ಮೀಟರ್, ಅಂದರೆ ಐದೂವರೆ ಅಡಿಗಿಂತ ದೂರ ಕೂತರೆ ಆ ಪಿಕ್ಸೆಲ್‌ಗಳೇ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಮ್ಮ ಹಾಲ್‌ಗಳಲ್ಲಿ ಸೋಫಾ ಇರುವುದು ಅದಕ್ಕಿಂತ ದೂರದಲ್ಲೇ. ಎಡಿಟ್ ಮಾಡುವಾಗ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವವರಿಗೆ 4ಕೆ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ನೋಡಲು ಒಳ್ಳೆಯ ಫುಲ್ ಎಚ್‌ಡಿ ಧಾರಾಳ ಸಾಕು.

ಹಾಗಾದರೆ ಮೂವತ್ತು ಸಾವಿರದ ಕ್ಯಾಮೆರಾದಲ್ಲಿ ಹೆಚ್ಚಿಗೆ ಏನಿರುತ್ತದೆ? ಮುಖ್ಯವಾಗಿ ಎರಡು ಸಂಗತಿ ನೋಡಬೇಕು. ಒಂದು ಸೆನ್ಸರ್‌ನ ಗಾತ್ರ. '1/2.3 ಇಂಚು' ಎಂಬ ಸೆನ್ಸರ್ ಸುಮಾರು 6.2×4.6 ಮಿಲಿಮೀಟರ್, '1 ಇಂಚು' ಎಂಬುದು 13.2×8.8 ಮಿಲಿಮೀಟರ್. (ಅಳೆದರೆ ಯಾವ ಬದಿಯೂ ಒಂದು ಇಂಚು ಬರುವುದಿಲ್ಲ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯಿಂದ ಬಂದ ಹೆಸರು ಅದು, ಕೊಳವೆ ಹೋದರೂ ಹೆಸರು ಹೋಗಿಲ್ಲ.) ಎರಡನೆಯದರ ವಿಸ್ತೀರ್ಣ ಮೊದಲನೆಯದರ ನಾಲ್ಕು ಪಟ್ಟು. ಮಳೆಯಲ್ಲಿ ಲೋಟ ಇಟ್ಟರೂ ಕೊಳಗ ಇಟ್ಟರೂ ಬೀಳುವ ಮಳೆ ಒಂದೇ, ತುಂಬುವ ನೀರು ಬೇರೆ. ಸಣ್ಣ ಸೆನ್ಸರ್ ಮಧ್ಯಾಹ್ನದ ಬಿಸಿಲಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸಂಜೆ ಒಂದು ಟ್ಯೂಬ್‌ಲೈಟ್ ಇರುವ ನಡುಮನೆಯಲ್ಲಿ ಚಿತ್ರದ ತುಂಬ ಕಾಳು ಕಾಳಾಗಿ ಏನೋ ಕುಣಿಯುತ್ತದೆ. ಅಂಗಡಿಗಳಲ್ಲಿ ಝಗಮಗ ಬೆಳಕು ಇರುವುದರಿಂದ ಈ ಕೊರತೆ ಅಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಬಿಟ್‌ರೇಟ್. ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ 25ರಂತೆ ಏನೂ ಕುಗ್ಗಿಸದೆ ಉಳಿಸಿದರೆ ಸೆಕೆಂಡಿಗೆ ಸುಮಾರು 1,240 ಮೆಗಾಬಿಟ್ ಆಗುತ್ತದೆ. ಸೋನಿ ಮತ್ತು ಪ್ಯಾನಸಾನಿಕ್ 2006ರಲ್ಲಿ ತಂದ ಎವಿಸಿಎಚ್‌ಡಿ ವಿಧಾನದಲ್ಲಿ ಇದನ್ನು 24 ಮೆಗಾಬಿಟ್‌ಗೆ ಇಳಿಸುತ್ತಾರೆ, ಅಂದರೆ ಐವತ್ತರಲ್ಲಿ ಒಂದು ಪಾಲು. ಅಷ್ಟಾದರೂ ಚಿತ್ರ ಚೆನ್ನಾಗಿಯೇ ಇರುತ್ತದೆ. ಅದನ್ನೂ 6 ಅಥವಾ 8ಕ್ಕೆ ಇಳಿಸಿದರೆ ಸುಮ್ಮನೆ ಕೂತ ಮುಖ ಪರವಾಗಿಲ್ಲ, ಕುಣಿಯುವ ವೇಷ ಮಾತ್ರ ಚೌಕ ಚೌಕವಾಗಿ ಒಡೆದುಹೋಗುತ್ತದೆ. ಪೆಟ್ಟಿಗೆಯ ಮೇಲೆ ಈ ಸಂಖ್ಯೆ ಇರುವುದಿಲ್ಲ, ಆದರೆ ನೀವೇ ಕಂಡುಹಿಡಿಯಬಹುದು. ಒಂದು ನಿಮಿಷ ರೆಕಾರ್ಡ್ ಮಾಡಿ ಫೈಲ್ ಎಷ್ಟು ಎಂಬಿ ಇದೆ ನೋಡಿ, ಅದನ್ನು 8ರಿಂದ ಗುಣಿಸಿ 60ರಿಂದ ಭಾಗಿಸಿ. 180 ಎಂಬಿ ಇದ್ದರೆ 24 ಮೆಗಾಬಿಟ್ ಎಂದಾಯಿತು. ಎಚ್.265 ಎಂಬ ಹೊಸ ವಿಧಾನ ಬಳಸುವ ಕ್ಯಾಮೆರಾದಲ್ಲಿ ಇದರ ಅರ್ಧದಷ್ಟಿದ್ದರೂ ಚಿಂತೆಯಿಲ್ಲ.

ಜೂಮ್ ವಿಷಯ ಚುಟುಕಾಗಿ: ಆಪ್ಟಿಕಲ್ ಜೂಮ್ ಎಂದರೆ ಲೆನ್ಸ್ ಕೆಲಸ ಮಾಡುತ್ತದೆ, ಡಿಜಿಟಲ್ ಜೂಮ್ ಎಂದರೆ ಕತ್ತರಿ ಕೆಲಸ ಮಾಡುತ್ತದೆ. ಫುಲ್ ಎಚ್‌ಡಿ ಚಿತ್ರವನ್ನು ಡಿಜಿಟಲ್ ಆಗಿ ನಾಲ್ಕು ಪಟ್ಟು ಹಿಗ್ಗಿಸಿದರೆ ಉಳಿಯುವುದು 480×270 ಪಿಕ್ಸೆಲ್ ಮಾತ್ರ. '120 ಪಟ್ಟು ಜೂಮ್' ಎಂಬ ಅಕ್ಷರಗಳನ್ನು ಲೆಕ್ಕಕ್ಕೇ ಇಡಬೇಡಿ.

ಅಮೆರಿಕದಿಂದ ಬರುವ ನೆಂಟರ ಕೈಲಿ ಕ್ಯಾಮೆರಾ ತರಿಸುವವರಿಗೆ ಒಂದು ಮಾತು. ನಮ್ಮ ವಿದ್ಯುತ್ 50 ಹರ್ಟ್ಸ್, ಅಲ್ಲಿಯದು 60. ನಮ್ಮಲ್ಲಿ ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್ಇಡಿ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್ ವೇಗ 1/50 ಅಥವಾ 1/100 ಇದ್ದರೆ ಪ್ರತಿ ಚಿತ್ರಕ್ಕೂ ಸಮನಾದ ಬೆಳಕು ಸಿಗುತ್ತದೆ. 1/60 ಇದ್ದರೆ ತಾಳ ತಪ್ಪಿ ಪರದೆಯ ಮೇಲೆ ಕಪ್ಪು ಪಟ್ಟಿಗಳು ಸರಿದಾಡುತ್ತವೆ. ಮೆನುವಿನಲ್ಲಿ 'ಪಾಲ್' ಅಥವಾ '50 ಹರ್ಟ್ಸ್' ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಲ್ಲಿ ಮಾರುವ ಕೆಲವು ಮಾದರಿಗಳಲ್ಲಿ ಆ ಆಯ್ಕೆಯೇ ಇರುವುದಿಲ್ಲ, ಹಾಗಾಗಿ ತರಿಸುವ ಮೊದಲೇ ವಿಚಾರಿಸಿ.

ಇಷ್ಟೂ ಚಿತ್ರದ ಮಾತಾಯಿತು. ನಾವು ಪಾಠ ಕಲಿತದ್ದು ಮಾತ್ರ ಧ್ವನಿಯಿಂದ. ಸಂಶೋಧನೆಗೆಂದು ಹಿರಿಯ ಕಲಾವಿದರೊಬ್ಬರನ್ನು ಮಾತಾಡಿಸಲು ಹೋದಾಗ ಎರವಲು ತಂದ ಒಳ್ಳೆಯ ಕ್ಯಾಮೆರಾವನ್ನೇ ಒಯ್ದಿದ್ದೆವು. ಸೆಕೆ ಎಂದು ಫ್ಯಾನ್ ಓಡುತ್ತಿತ್ತು, ಕ್ಯಾಮೆರಾ ಹತ್ತು ಅಡಿ ದೂರದಲ್ಲಿತ್ತು. ವಾಪಸ್ ಬಂದು ನೋಡಿದರೆ ಅವರ ಮುಖದ ಸುಕ್ಕುಗಳೆಲ್ಲ ಸ್ಪಷ್ಟ, ಮಾತು ಅರ್ಧಕ್ಕರ್ಧ ಫ್ಯಾನಿನ ಪಾಲು. ಮತ್ತೊಮ್ಮೆ ಹೋಗುವ ಹೊತ್ತಿಗೆ ಅವರು ಅಷ್ಟು ಹೊತ್ತು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳಿರುವ ಕೋಣೆಯಲ್ಲಿ ಇಳಿಕೆ ಅಷ್ಟಿರದಿದ್ದರೂ ಮಾತು ಪ್ರತಿಧ್ವನಿಯಲ್ಲಿ ಕಲಸಿಹೋಗುತ್ತದೆ. ಫ್ಯಾನಿನ ಸದ್ದು ಮಾತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಬಾಯಿಯಿಂದ ಒಂದು ಗೇಣು ದೂರದಲ್ಲಿ ಇರುತ್ತದೆ, ಇಡೀ ವ್ಯತ್ಯಾಸ ಅಷ್ಟೇ. ಆದರೆ ಕಡಿಮೆ ಬೆಲೆಯ ಎಷ್ಟೋ ಕ್ಯಾಮೆರಾಗಳಲ್ಲಿ ಹೊರಗಿನ ಮೈಕ್ ಚುಚ್ಚುವ ಜಾಗವೇ ಇರುವುದಿಲ್ಲ. ನಮ್ಮನ್ನು ಕೇಳಿದರೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಆ ಸಣ್ಣ ತೂತು.

ಯಕ್ಷಗಾನ ಹಿಡಿಯುವವರಿಗೆ ಇನ್ನೊಂದು ತೊಡಕಿದೆ. ಭಾಗವತರು ಮೆಲ್ಲಗೆ ಹಾಡುವಾಗ ಕ್ಯಾಮೆರಾ ತಾನಾಗಿಯೇ ಧ್ವನಿ ಏರಿಸಿಕೊಂಡಿರುತ್ತದೆ. ಆ ಹೊತ್ತಿಗೆ ಚೆಂಡೆಯ ಪೆಟ್ಟು ಬಿದ್ದರೆ ಸದ್ದು ಒಡೆದು ಕರಕರ ಎನ್ನುತ್ತದೆ. ಧ್ವನಿಯ ಮಟ್ಟವನ್ನು ಕೈಯಾರೆ ನಿಲ್ಲಿಸುವ ಸೌಲಭ್ಯ ಇರುವ ಕ್ಯಾಮೆರಾ ಆದರೆ ಈ ತೊಂದರೆ ತಪ್ಪುತ್ತದೆ.

ಎಷ್ಟು ಹೊತ್ತು ಓಡುತ್ತದೆ ಎಂಬುದನ್ನೂ ಕೇಳಿ. ಫೋಟೊಗೆಂದು ಮಾಡಿದ ಹಲವು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತುಬಿಡುತ್ತವೆ. ಅದು ಯಂತ್ರದ ದೋಷವಲ್ಲ. ಯುರೋಪಿನಲ್ಲಿ 30 ನಿಮಿಷ ರೆಕಾರ್ಡ್ ಮಾಡುವುದನ್ನು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದರು, ತಯಾರಕರು ಒಂದು ಸೆಕೆಂಡು ಕಡಿಮೆ ಮಾಡಿಕೊಂಡರು! ಕಾರ್ಡಿನ ಲೆಕ್ಕ ಸುಲಭ: 24 ಮೆಗಾಬಿಟ್‌ನಲ್ಲಿ ಗಂಟೆಗೆ ಸುಮಾರು 11 ಜಿಬಿ ಬೇಕು, ಅದಕ್ಕೆ 'ಕ್ಲಾಸ್ 10' ಕಾರ್ಡ್ ಸಾಕು. 100 ಮೆಗಾಬಿಟ್‌ನ 4ಕೆಗೆ ಗಂಟೆಗೆ 45 ಜಿಬಿ, ಮತ್ತು 'ವಿ30' ಎಂದು ಬರೆದ ಕಾರ್ಡ್ ಬೇಕು. ಅಗ್ಗದ ಕ್ಯಾಮೆರಾದ ಖರ್ಚು ಇಲ್ಲಿಂದ ಮತ್ತೆ ಶುರುವಾಗುತ್ತದೆ.

ಅಂಗಡಿಗೆ ಹೋಗುವಾಗ ಒಂದು ಕನ್ನಡ ದಿನಪತ್ರಿಕೆ ಮತ್ತು ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಪತ್ರಿಕೆಯನ್ನು ಗೋಡೆಗೆ ಒರಗಿಸಿ, ಫುಲ್ ಎಚ್‌ಡಿಯಲ್ಲೊಮ್ಮೆ, 4ಕೆಯಲ್ಲೊಮ್ಮೆ ಅದೇ ಜಾಗದಿಂದ ಹಿಡಿಯಿರಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. 4ಕೆಯಲ್ಲಿ ಒತ್ತಕ್ಷರಗಳು ಇನ್ನಷ್ಟು ಬಿಡಿಸಿ ಕಾಣದಿದ್ದರೆ ಅದು ಹೆಸರಿಗಷ್ಟೇ 4ಕೆ. ಹಾಗೆಯೇ ಅಂಗಡಿಯವರನ್ನು ಕೇಳಿಕೊಂಡು ಮೇಜಿನ ಕೆಳಗಿನ ಕತ್ತಲೆಯಲ್ಲೂ ಅರ್ಧ ನಿಮಿಷ ಹಿಡಿಯಿರಿ. ಮುಖ ಸಿಂಡರಿಸಿದರೂ ಬೇಡ ಎನ್ನುವವರು ಕಡಿಮೆ.

ಕೈಯಲ್ಲಿರುವುದು ಹತ್ತು ಸಾವಿರಕ್ಕಿಂತ ಕಡಿಮೆ ಎಂದಾದರೆ ಈಗ ಕ್ಯಾಮೆರಾ ಕೊಳ್ಳಬೇಡಿ ಎಂದೇ ನಾವು ಹೇಳುತ್ತೇವೆ. ಜೇಬಿನಲ್ಲಿರುವ ಸುಮಾರಾದ ಫೋನು ಆ ಬೆಲೆಯ ಕ್ಯಾಮೆರಾಕ್ಕಿಂತ ಚೆನ್ನಾಗಿ ಚಿತ್ರ ಹಿಡಿಯುತ್ತದೆ. ಒಂದು ಕಾಲರ್ ಮೈಕ್, ಅಲುಗಾಡದ ಒಂದು ಟ್ರೈಪಾಡ್ ಕೊಂಡುಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅಜ್ಜಿಯನ್ನು ಕಿಟಕಿಯ ಎದುರಿಗೆ, ಬೆಳಕು ಮುಖಕ್ಕೆ ಬೀಳುವ ಹಾಗೆ ಕೂರಿಸಿ. ಮೊದಲ ಪದ ಹಾಡಿಸಿ, ನಿಲ್ಲಿಸಿ, ಇಯರ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಆಮೇಲೆ ಉಳಿದದ್ದನ್ನು ಹಾಡಿಸಿ. ಅಂದಹಾಗೆ, ಫ್ಯಾನ್ ಆರಿಸಿ.