ಚೆಂಡು ಬರುವ ಮುನ್ನ

ನವೆಂಬರ್ ನಡುವಿಗೆ ಟುರಿನ್‌ನಲ್ಲಿ ಬೇಗ ಕತ್ತಲಾಗುತ್ತದೆ. ಆಲ್ಪ್ಸ್ ಕಡೆಯಿಂದ ಇಳಿದ ಚಳಿ ಪೋ ನದಿಯ ದಂಡೆಗಳಲ್ಲಿ ತಂಗುತ್ತದೆ. 2006ರ ಚಳಿಗಾಲದ ಒಲಿಂಪಿಕ್ಸ್‌ನ ಐಸ್ ಹಾಕಿಗೆಂದು ಕಟ್ಟಿದ, ಉಕ್ಕಿನ ಹೊದಿಕೆಯ ಇನಾಲ್ಪಿ ಅರೀನಾದ ಒಳಗೆ ಮಾತ್ರ ಋತುವೆಂಬುದಿಲ್ಲ. ಗಾಳಿ ಬೀಸದು, ಬಿಸಿಲು ಕಣ್ಣಿಗೆ ಹೊಡೆಯದು. ಸರ್ವ್‌ಗೆಂದು ಮೇಲೆಸೆದ ಚೆಂಡು ಕೈಬಿಟ್ಟ ದಾರಿಯಲ್ಲೇ ಏರಿ, ಅರೆಕ್ಷಣ ನಿಂತಂತಾಗಿ, ಇಳಿಯುತ್ತದೆ. ಪ್ರೇಕ್ಷಕರ ಸಾಲುಗಳೆಲ್ಲ ಕಪ್ಪಿನಲ್ಲಿ ಮುಳುಗಿ ನೀಲಿ ಅಂಗಳವೊಂದೇ ಬೆಳಗುತ್ತಿರುತ್ತದೆ. ಸುಮ್ಮನೆ ಕೂತು ನೋಡುವವನಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ.

ವರ್ಷದ ಕೊನೆಗೆ ಇಲ್ಲಿ ನಡೆಯುವ ಟೆನಿಸ್ ಟೂರ್ನಿ, ಎಟಿಪಿ ಫೈನಲ್ಸ್‌ನ ಸಿಂಗಲ್ಸ್‌ಗೆ ಬರುವವರು ಎಂಟೇ ಮಂದಿ. ಜನವರಿಯಲ್ಲಿ ಆಸ್ಟ್ರೇಲಿಯಾದ ಸೆಕೆಯಿಂದ ಹೊರಟು, ಪ್ಯಾರಿಸ್‌ನ ಕೆಂಪು ಮಣ್ಣು, ವಿಂಬಲ್ಡನ್‌ನ ಹುಲ್ಲು, ನ್ಯೂಯಾರ್ಕ್‌ನ ಗಟ್ಟಿ ನೆಲ ದಾಟಿ ಬಂದವರು. 1970ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಈ ಟೂರ್ನಿ ಊರೂರು ಸುತ್ತಿ 2021ರಲ್ಲಿ ಇಲ್ಲಿ ಬಿಡಾರ ಹೂಡಿತು. ನಾಲ್ವರಂತೆ ಎರಡು ಗುಂಪು. ಮೊದಲ ಪಂದ್ಯ ಸೋತವನೂ ಪೆಟ್ಟಿಗೆ ಕಟ್ಟಬೇಕಿಲ್ಲ. ಗಾಯವಾಗಿ ಹೊರಟರೆ ಬೇರೆ ಮಾತು, ಇಲ್ಲದಿದ್ದರೆ ಒಬ್ಬೊಬ್ಬನನ್ನೂ ಕಡಿಮೆಯೆಂದರೆ ಮೂರು ಸಲ ನೋಡಬಹುದು. ಒಂದೇ ದೇಹವನ್ನು ಗೆಲುವಿನಲ್ಲೂ ಸೋಲಿನಲ್ಲೂ ನೋಡಿದಾಗ ಯಾವುದು ಅದರ ಸ್ವಭಾವ, ಯಾವುದು ಆ ದಿನದ ಆಯಾಸ ಎಂಬುದು ನಿಧಾನವಾಗಿ ಬೇರೆಯಾಗುತ್ತದೆ.

ನಾನು ಮೊದಲು ನೋಡುವುದು ಚೆಂಡಿನ ಆಯ್ಕೆಯನ್ನು. ಹೊಸ ಚೆಂಡಿಗೆ ಎಳೆ ನಿಂಬೆಯ ಹಳದಿ. ನವಿರು ಮೈಗಂಟಿಕೊಂಡೇ ಇರುತ್ತದೆ. ಕೆಲವು ಗೇಮ್‌ಗಳಲ್ಲಿ ಆ ನವಿರು ಎದ್ದು, ಬಣ್ಣ ಮಾಸಿ, ಚೆಂಡು ದಪ್ಪಗೆ ಕಾಣತೊಡಗುತ್ತದೆ. ನವಿರೆದ್ದ ಚೆಂಡು ಗಾಳಿಯಲ್ಲಿ ತಡವರಿಸುತ್ತದೆ. ಸರ್ವ್ ಮಾಡುವವನು ಮೂರ್ನಾಲ್ಕು ಚೆಂಡು ತರಿಸಿಕೊಂಡು, ಹೆಬ್ಬೆರಳಿನಿಂದ ತಿರುವಿ, ನುಣುಪಾದದ್ದನ್ನು ಮೊದಲ ಸರ್ವ್‌ಗೆ ಇಟ್ಟುಕೊಳ್ಳುತ್ತಾನೆ, ಎರಡನೆಯದು ಜೇಬಿಗೆ, ಬೇಡವಾದದ್ದನ್ನು ಕಣ್ಣೆತ್ತದೆ ಹಿಂದಕ್ಕೆ ತಟ್ಟುತ್ತಾನೆ. ಮೊದಲ ಏಳು ಗೇಮ್‌ಗಳ ಬಳಿಕ, ಆಮೇಲೆ ಒಂಬತ್ತೊಂಬತ್ತು ಗೇಮ್‌ಗಳಿಗೊಮ್ಮೆ, ಹೊಸ ಚೆಂಡುಗಳು ಬರುತ್ತವೆ. ಆಗ ಅವನು ಒಂದನ್ನು ಎತ್ತಿ ಎದುರಾಳಿಗೆ ತೋರಿಸುತ್ತಾನೆ: ಇನ್ನು ಬರುವುದು ಇನ್ನಷ್ಟು ಬೇಗ ಬರುತ್ತದೆ ಎಂಬ ಸೂಚನೆ.

ಆಮೇಲೆ ಪುಟಿಸುವುದು. ಈ ಟೂರ್ನಿಯನ್ನು ಏಳು ಸಲ ಗೆದ್ದು ದಾಖಲೆ ಬರೆದ ನೊವಾಕ್ ಜೊಕೊವಿಚ್ ಅವರದು ಈ ವಿಷಯದಲ್ಲಿ ದೊಡ್ಡ ತಾಳ್ಮೆ. ಪಾಯಿಂಟ್ ಹಗುರವಾಗಿದ್ದರೆ ಪುಟಿತ ಬೇಗ ಮುಗಿಯುತ್ತದೆ. ಇಕ್ಕಟ್ಟಿನ ಪಾಯಿಂಟ್ ಬಂದರೆ ಅದು ಬೆಳೆಯುತ್ತ ಹೋಗುತ್ತದೆ. ಬೆನ್ನು ಬಾಗಿರುತ್ತದೆ, ಮಣಿಕಟ್ಟು ಮಾತ್ರ ಮೇಲೆ ಕೆಳಗೆ. 25 ಸೆಕೆಂಡಿನ ಗಡಿಯಾರ ಸೊನ್ನೆಯ ಕಡೆ ಇಳಿಯುತ್ತಿದ್ದರೂ ಆ ಸದ್ದಿನ ಲಯ ಕದಡುವುದಿಲ್ಲ. ಸ್ಕೋರ್ ಫಲಕಕ್ಕೆ ಬೆನ್ನು ಹಾಕಿ ಕೂತರೂ ಪುಟಿತವನ್ನು ಕೇಳಿಯೇ ಪಾಯಿಂಟಿನ ಭಾರ ಊಹಿಸಬಹುದು.

ಆದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನ ಕಣ್ಣು ನೆಟ್ಟಿದ್ದು ಅತ್ತ ಕಡೆ, ಸರ್ವ್ ಎದುರಿಸುವವನ ಪಾದಗಳ ಮೇಲೆ. ಅಂಗಳದ ಉದ್ದ 23.77 ಮೀಟರ್. ಗಂಟೆಗೆ 200 ಕಿಲೋಮೀಟರ್ ವೇಗದ ಸರ್ವ್ ಅದನ್ನು ದಾಟಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ನೋಡಿ, ಯೋಚಿಸಿ, ಹೆಜ್ಜೆ ಎತ್ತಲು ಬಿಡುವಿಲ್ಲ. ಅದಕ್ಕೇ ಆ ಪುಟ್ಟ ನೆಗೆತ. ಎದುರಾಳಿಯ ರ‍್ಯಾಕೆಟ್ ಚೆಂಡನ್ನು ಮುಟ್ಟುವ ತುಸು ಮುಂಚೆ ಎರಡೂ ಪಾದ ನೆಲ ಬಿಡುತ್ತವೆ. ಎತ್ತರ ಒಂದು ಗೇಣೂ ಇರದು. ಹಳ್ಳದ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುವ ಸಿಪಿಲೆ ಹಕ್ಕಿಯ ಮೈಯಲ್ಲಿ ಇಂಥದೇ ಹಗುರ ಕಂಡಿದ್ದೇನೆ. ಚೆಂಡಿನ ದಿಕ್ಕು ಕಣ್ಣಿಗೆ ತಿಳಿಯುವಾಗ ಮೈ ಇನ್ನೂ ಗಾಳಿಯಲ್ಲೇ ಇರುತ್ತದೆ. ಇಳಿಯುವಾಗ ಪಾದಗಳು ಜೊತೆಯಾಗಿ ಇಳಿಯುವುದಿಲ್ಲ. ಚೆಂಡು ಬಲಕ್ಕೆ ಬರುವುದಾದರೆ ಎಡಪಾದ ಕೂದಲೆಳೆಯಷ್ಟು ಮೊದಲೇ ನೆಲ ಕಂಡು, ಮೈಯನ್ನು ಬಲಕ್ಕೆ ನೂಕಿಬಿಟ್ಟಿರುತ್ತದೆ. ಪ್ರತಿ ಹೊಡೆತಕ್ಕೂ ಇದೊಂದು ನೆಗೆತ. ದನಿಲ್ ಮೆಡ್ವೆಡೆವ್ ಬೇಸ್‌ಲೈನ್‌ನಿಂದ ಬಹಳ ಹಿಂದೆ, ಹಿಂಬದಿಯ ಫಲಕಕ್ಕೆ ಬೆನ್ನು ತಾಗುವಷ್ಟು ದೂರ ನಿಂತು ನೆಗೆಯುತ್ತಾರೆ. ಚೆಂಡಿನ ಸೊಕ್ಕು ಇಳಿಯಲೆಂದು ಕಾಯುವ ಬಗೆ ಅದು.

ಯಾನಿಕ್ ಸಿನ್ನರ್ ಅವರ ನೆಗೆತದಲ್ಲಿ ಸದ್ದಿಲ್ಲ, ಸದ್ದಿರುವುದು ಜಾರುವಿಕೆಯಲ್ಲಿ. ಇಟಲಿಯ ಉತ್ತರದ ತುದಿಯ ಸೆಸ್ಟೊ ಎಂಬ ಬೆಟ್ಟದೂರಿನವರು, ಬಾಲ್ಯದಲ್ಲಿ ಸ್ಕೀಯಿಂಗ್‌ನಲ್ಲಿ ಗೆದ್ದವರು. ಗಟ್ಟಿ ನೆಲದ ಮೇಲೆ ಹೊರಗಾಲು ಚಾಚಿ, ಶೂವಿನ ಅಂಚಿಗೆ ಭಾರ ಕೊಟ್ಟು, ಕೀರಲು ದನಿ ಎಬ್ಬಿಸುತ್ತ ಜಾರುತ್ತಾರೆ. ಜಾರು ನಿಲ್ಲುವುದಕ್ಕೂ ಚೆಂಡು ರ‍್ಯಾಕೆಟ್‌ಗೆ ತಾಗುವುದಕ್ಕೂ ನಡುವೆ ಸಂದಿಲ್ಲ. ಕಿತ್ತಳೆಗೆಂಪು ಗುಂಗುರುಗೂದಲು ಅದುರುತ್ತದೆ, ಮುಖದ ಒಂದು ಗೆರೆಯೂ ಕದಲುವುದಿಲ್ಲ. 2024ರಲ್ಲೂ 2025ರಲ್ಲೂ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಅವರು ಇಲ್ಲಿ ಗೆದ್ದರು.

ಕಾರ್ಲೋಸ್ ಅಲ್ಕರಾಜ್ ಅವರ ಮೈ ಹಾಗಲ್ಲ, ಏನನ್ನೂ ಮುಚ್ಚಿಡದು. 2024ರಲ್ಲಿ ಕೆಮ್ಮು ನೆಗಡಿಯಲ್ಲೇ, ಮೂಗಿನ ಮೇಲೆ ಗುಲಾಬಿ ಪಟ್ಟಿ ಅಂಟಿಸಿಕೊಂಡು ಆಡಿ, ಗುಂಪಿನ ಹಂತದಲ್ಲೇ ಹೊರನಡೆದರು. 2025ರಲ್ಲಿ ಸಿನ್ನರ್ ಎದುರಿನ ಫೈನಲ್‌ಗೆ ಬಂದಾಗ ಉತ್ಸಾಹ ಉಕ್ಕುತ್ತಿತ್ತು. ಮೊದಲ ಸೆಟ್‌ನಲ್ಲೇ ಬಲತೊಡೆಗೆ ಉಪಚಾರ ಬೇಕಾಯಿತು. ಆಮೇಲೂ ಒಂದು ಸೆಟ್ ಪಾಯಿಂಟ್ ದೊರೆತಿತ್ತು. ಸಿನ್ನರ್ ಎರಡನೇ ಸರ್ವ್‌ನಿಂದ ಅದನ್ನು ಅಳಿಸಿದರು. ಪಂದ್ಯದ ದೃಶ್ಯಗಳನ್ನು ನಿಧಾನಗೊಳಿಸಿ ನೋಡುವಾಗ ನಾನು ಚೆಂಡನ್ನು ಬಿಟ್ಟು ಆ ಬಲಗಾಲನ್ನೇ ಹಿಂಬಾಲಿಸಿದೆ. ಎಡಕ್ಕೆ ಹೊರಡುವಾಗ ಮೊದಲು ನೆಲ ಕಾಣಬೇಕಾದ ಕಾಲು ಅದೇ. ಕೆಲವೊಮ್ಮೆ ಅದು ಇಳಿಯುತ್ತ ಅನುಮಾನಿಸಿದಂತೆ ನನಗೆ ತೋರಿತು. ಪಂದ್ಯ 7-6, 7-5ರಲ್ಲಿ ಮುಗಿಯಿತು. ಒಂದೆರಡು ದಿನಗಳಲ್ಲಿ ಸುದ್ದಿ ಬಂತು: ಬಲತೊಡೆಯ ಹಿಂಬದಿಯ ಸ್ನಾಯು ಊದಿದೆ, ಅಲ್ಕರಾಜ್ ಡೇವಿಸ್ ಕಪ್ ಆಡುವುದಿಲ್ಲ.