ನಿಮಗಿದು ಗೊತ್ತೆ? ಬೆಟ್ಟಗಳೇ ಕೋಟೆಯಾಗಿದ್ದ ಸಂಡೂರು ಸಂಸ್ಥಾನ

ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಹಂಪಿ, ಕಂಪ್ಲಿ ಕಡೆಯ ಬೋಳು ಬಂಡೆಗಳು ಹಿಂದೆ ಸರಿದು, ಹಸಿರು ಹೊದ್ದ ಕೆಂಪು ಬೆಟ್ಟಗಳು ಎದುರಾಗುತ್ತವೆ. ಒಣಹವೆಯ ಬಯಲುಸೀಮೆಯ ಮಧ್ಯೆ ಸಂಡೂರಿನಂಥ ಕಣಿವೆ ಇರುವುದೇ ಸೋಜಿಗ.

ಇಲ್ಲಿನ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷ ವಯಸ್ಸು. ಕಬ್ಬಿಣ, ಮ್ಯಾಂಗನೀಸ್ ಅದಿರು ತುಂಬಿದ ಬೆಟ್ಟಸಾಲುಗಳನ್ನು ನಾರಿಹಳ್ಳ ಎರಡು ಕಡೆ ಸೀಳಿದೆ. ಓಬಳಗಂಡಿಯಲ್ಲಿ ಒಳಬಂದು ಭೀಮಗಂಡಿಯಲ್ಲಿ ಹೊರಬೀಳುವ ಈ ಹಳ್ಳದ ದಾರಿಯಲ್ಲಿ ಕಡುಗೆಂಪು ಬಂಡೆಗೋಡೆಗಳು ನೆಟ್ಟಗೆ ನಿಂತಿವೆ. ಸೈನ್ಯಕ್ಕೆ ಒಳಹೊಗಲು ಇಂಥ ಕೆಲವೇ ಕಿಂಡಿಗಳಿದ್ದವು. ಪುಟ್ಟ ಸಂಸ್ಥಾನಕ್ಕೆ ಅದಕ್ಕಿಂತ ದೊಡ್ಡ ಕಾವಲು ಬೇಕೆ?

ಆಳಿದವರು ಘೋರ್ಪಡೆ ಮನೆತನದ ಮರಾಠರು. ನಡುವೆ ಹೈದರ್, ಟಿಪ್ಪು ಕೈಗೂ ಸಂಡೂರು ಸಿಕ್ಕಿತ್ತು. 1932ರಲ್ಲಿ ರಾಜ ಯಶವಂತರಾವ್ ಘೋರ್ಪಡೆ ದೇವಾಲಯಗಳ ಬಾಗಿಲನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಪ್ರಖ್ಯಾತ ದೇವಾಲಯ ಪ್ರವೇಶ ಘೋಷಣೆ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, 1936ರಲ್ಲಿ! ಪಠ್ಯಪುಸ್ತಕಗಳಲ್ಲಿ ಇರಬೇಕಾದ ಸಂಗತಿಯಿದು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. 1949ರಲ್ಲಿ ಸಂಸ್ಥಾನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು.

ಸ್ವಾಮಿಮಲೆಯ ಕಾಡಿನಲ್ಲಿ ಕುಮಾರಸ್ವಾಮಿಯ ಗುಡಿ, ಪಕ್ಕದಲ್ಲೇ ತಾಯಿ ಪಾರ್ವತಿಯ ಪುರಾತನ ಗುಡಿ. ರಾಮಘಡದಲ್ಲಿ ಬ್ರಿಟಿಷರು ಬಳ್ಳಾರಿಯ ಸೈನಿಕರಿಗಾಗಿ ಆರೋಗ್ಯಧಾಮ ಕಟ್ಟಿದ್ದರು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯೂ ಈ ಬೆಟ್ಟಗಳಲ್ಲಿದೆ. 2017ರಲ್ಲಿ ಇಳಿಜಾರುಗಳು ನೀಲಿಯಾಗಿದ್ದವು. ಗಣಿಗಾರಿಕೆ ಕೆಲವು ಬೆಟ್ಟಗಳ ಆಕಾರವನ್ನೇ ಬದಲಿಸಿದೆ. ಉಳಿದ ಹಸಿರನ್ನು ನೋಡಲು ಮಳೆಗಾಲದ ಕೊನೆ, ಸೆಪ್ಟೆಂಬರ್ ತಿಂಗಳೇ ಸರಿ.