ಕುಣಿತದಾಚೆಯ ದುಡಿಮೆ

2008ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಕ್ರಿಕೆಟ್ ಶುರುವಾದಾಗ, ಬೌಂಡರಿ ಗೆರೆಯಾಚೆ ಕುಣಿದ ತರುಣಿಯರನ್ನು ಕಂಡು ಹುಬ್ಬೇರಿಸಿದವರುಂಟು. ಅವರು ಬಂದದ್ದು ಅಮೆರಿಕದ ವಾಷಿಂಗ್ಟನ್ ಫುಟ್‌ಬಾಲ್ ತಂಡದಿಂದ.

ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ತಂಡದ ಚಿಯರ್‌ಲೀಡರ್‌ಗಳಿಗೆ ಮೈದಾನದಾಚೆಗೂ ಕೆಲಸವುಂಟು. ಮಕ್ಕಳ ಆಸ್ಪತ್ರೆ, ಶಾಲೆಗಳಿಗೆ ಭೇಟಿ ಕೊಡುತ್ತಾರೆ. ಸಹಾಯಾರ್ಥ ಸಮಾರಂಭಗಳಲ್ಲಿ ಪಾಲ್ಗೊಳ್ಳುತ್ತಾರೆ. ಡಲ್ಲಾಸ್ ಕೌಬಾಯ್ಸ್ ತಂಡದವರು 1979ರಲ್ಲಿ ದಕ್ಷಿಣ ಕೊರಿಯಾಕ್ಕೆ ಹೋಗಿ, ಮನೆಯಿಂದ ದೂರವಿದ್ದ ಅಮೆರಿಕನ್ ಸೈನಿಕರನ್ನು ರಂಜಿಸಿದರು.

ಈ ಸೇವೆಗೆ ಇನ್ನೊಂದು ಮುಖವೂ ಇದೆ. ಚಿಯರ್‌ಲೀಡರ್‌ಗಳಲ್ಲಿ ಹಲವರು ಹೊಟ್ಟೆಪಾಡಿಗೆ ಬೇರೆ ನೌಕರಿ ಮಾಡುವವರು. 2014ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದ ಚಿಯರ್‌ಲೀಡರ್‌ಗಳು ನ್ಯಾಯಾಲಯದ ಮೆಟ್ಟಿಲೇರಿದರು. ಪಂದ್ಯವೊಂದಕ್ಕೆ ಸಿಗುವುದು 125 ಡಾಲರ್. ತಾಲೀಮಿಗಾಗಲಿ, ಕಡ್ಡಾಯ ಸೇವಾ ಕಾರ್ಯಕ್ರಮಗಳಿಗಾಗಲಿ ಬಿಡಿಗಾಸೂ ಇಲ್ಲ ಎಂಬುದು ಅವರ ದೂರು. ಅದೇ ವರ್ಷ 12.5 ಲಕ್ಷ ಡಾಲರಿಗೆ ರಾಜಿಯಾಯಿತು. 2015ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಇಂಥವರನ್ನು ನೌಕರರೆಂದೇ ಪರಿಗಣಿಸುವ ಕಾನೂನು ಮಾಡಿತು.

ಹಾಸಿಗೆ ಹಿಡಿದ ಮಗುವನ್ನು ನಗಿಸುವುದು ದೊಡ್ಡ ಕೆಲಸವೇ. ಮನಸಾರೆ ಮಾಡಿದರೆ ಅದು ಸೇವೆ. ಮಾಡಲೇಬೇಕೆಂದು ಕಟ್ಟಳೆ ಹಾಕಿದರೆ ಅದು ದುಡಿಮೆ. ದುಡಿಮೆಗೆ ಕೂಲಿ ಸಲ್ಲಬೇಕು.